ಎಳೆ ಕಾಣದ ಹೊತ್ತು

ಚಿಕ್ಕವೆಂಕಟಮ್ಮನ ಬಾಣಲೆ ಮಗುಚಿ ಬಿದ್ದದ್ದು ಒಂದು ಶುಕ್ರವಾರ, ಬೀದಿ ದೀಪ ಹತ್ತುವುದಕ್ಕೆ ಇನ್ನೊಂದು ಬೀಡಿ ಸೇದುವಷ್ಟು ಹೊತ್ತು ಇರುವಾಗ. ಕಾದ ಎಣ್ಣೆ ತಳ್ಳುಗಾಡಿಯ ಹಲಗೆಯ ಮೇಲೆ ಹರಿದು, ಅಲ್ಲಿಂದ ಮಣ್ಣಿಗಿಳಿದು, ಸುರ್ರೆಂದು ಹೊಗೆಯೆದ್ದಿತು. ವಡೆಗಳು ಚರಂಡಿಯ ಕಡೆಗೆ ಉರುಳಿದವು. ಎಣ್ಣೆಯ ಒಂದು ನಾಲಗೆ ಚಿಕ್ಕವೆಂಕಟಮ್ಮನ ಪಾದದ ಮೇಲೂ ಹಾದುಹೋಯಿತು. ಅವಳು ಅಳಲಿಲ್ಲ. ಕೈಯಲ್ಲಿದ್ದ ಜಾಲರಿ ಸೌಟನ್ನು ತಿರುಗಿಸಿ, ಬಾಣಲೆಗೆ ಒದ್ದವನ ಕಿವಿಯ ಮೇಲೆ ಒಂದು ಬಿಟ್ಟಳು.

“ನಿನ್ನ ಕೈ ಸೇದೋಗ! ನಿನ್ನ ಮನೆ ಒಲೆ ಆರೋಗ! ದೀಪ ಹತ್ತೋ ಹೊತ್ನಲ್ಲಿ ಹೆಂಗಸಿನ ಒಲೆಗೆ ಒದೀತೀಯೇನೋ ಮುಂಡೇದೆ?”

ಒದ್ದವನು ಅಂಬರೀಶ್. ಸುಂಕದ ಗುತ್ತಿಗೆ ಹಿಡಿದಿದ್ದ ನಲ್ಲಪ್ಪನ ಆಳು. ಬಜಾರಿನಲ್ಲಿ ಗಾಡಿ ನಿಲ್ಲಿಸಿದವರಿಗೆಲ್ಲ ಚೀಟಿ ಹರಿದು ಕೊಟ್ಟು ಸುಂಕ ಎತ್ತುವುದು ಅವನ ಕೆಲಸ. ಕೊಡದವರಿಗೆ ಏನು ಮಾಡಬೇಕು ಅನ್ನುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಕಿವಿ ಹಿಡಿದುಕೊಂಡೇ ನಕ್ಕ. ನಗುತ್ತಲೇ ಚಿಕ್ಕವೆಂಕಟಮ್ಮನ ಕೆನ್ನೆಗೆ ಬಾರಿಸಿದ. ಅವಳು ಎಣ್ಣೆ ಕುಡಿದ ಮಣ್ಣಿನ ಮೇಲೆಯೇ ಕುಸಿದು ಕುಂತಳು.

“ದೀಪ ಎಲ್ಲಿ ಹತ್ತದಮ್ಮೋ? ತೋರ್ಸು ನೋಡಣ. ಹತ್ತೋಗಂಟ ಬೀದಿ ನಮ್ದು. ಚೀಟಿ ತಗೋ, ಇಲ್ಲಾಂದ್ರೆ ಗಾಡಿ ಎತ್ಕೊಂಡು ಪೋ.”

ರಸ್ತೆಯ ಆಚೆ ಬದಿ, ಕಂಬದ ಬುಡದಲ್ಲಿ ನಿಂತು ಗಂಗುಲಪ್ಪ ಇದನ್ನೆಲ್ಲ ನೋಡುತ್ತಿದ್ದ. ಅವನ ಎಡಗೈಯಲ್ಲಿ ಒಂದು ಗೇಣು ರೇಷ್ಮೆ ಎಳೆ. ಅದನ್ನು ಎರಡು ಬೆರಳಿನಲ್ಲಿ ಇಳಿಬಿಟ್ಟು ಪಡುವಣ ಆಕಾಶಕ್ಕೆ ಹಿಡಿದಿದ್ದ. ಬಲಗೈ ಕಂಬದ ಮೇಲಿನ ಪೆಟ್ಟಿಗೆಯ ಹಿಡಿಕೆಯ ಮೇಲಿತ್ತು. ಹಿಡಿಕೆ ಎಳೆದರೆ ಬಜಾರಿನ ಎಂಟೂ ಟ್ಯೂಬ್‌ಲೈಟು ಹತ್ತುತ್ತವೆ. ಆದರೆ ಎಳೆ ಇನ್ನೂ ಕಾಣುತ್ತಿತ್ತು. ಕೂದಲಿಗಿಂತ ಸಣ್ಣಗೆ, ಹೊಗೆಯ ಹಾಗೆ, ಆದರೂ ಕಾಣುತ್ತಿತ್ತು. ಗಂಗುಲಪ್ಪ ಆರು ಉಸಿರು ಕಾದ. ಆರನೆಯ ಉಸಿರಿಗೆ ಎಳೆ ಆಕಾಶದಲ್ಲಿ ಮುಳುಗಿತು. ಹಿಡಿಕೆ ಎಳೆದ. ದೀಪ ಹತ್ತಿತು.

ಅಂಬರೀಶ್ ತಲೆ ಎತ್ತಿ ನೋಡಿ, ನೆಲಕ್ಕೆ ಉಗಿದು, ಚೀಟಿ ಪುಸ್ತಕ ಜೇಬಿಗಿಟ್ಟುಕೊಂಡು ನಡೆದ.

“ಏನ್ ಗಂಗುಲಣ್ಣ,” ಚಿಕ್ಕವೆಂಕಟಮ್ಮ ಕುಂತಲ್ಲಿಂದಲೇ ಕೂಗಿದಳು, “ನಿನ್ನ ದಾರ ನನ್ನ ಕಾಲಿಗಿಂತ ಹೆಚ್ಚಾಗೋಯ್ತಾ?”

ಗಂಗುಲಪ್ಪ ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಅವನು ಮೊದಲಿಂದಲೂ ಹಾಗೇ. ಮಾತು ಕೇಳುವವನು, ಆಡುವವನಲ್ಲ. ಆದರೆ ಆ ಆರು ಉಸಿರು ಅವನ ಎದೆಯಲ್ಲಿ ಸಿಕ್ಕಿಕೊಂಡವು.

ಆಗಿನ್ನೂ ಶಿಡ್ಲಘಟ್ಟ ಕೋಲಾರ ಜಿಲ್ಲೆಯಲ್ಲಿತ್ತು, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವುದಕ್ಕೆ ಇನ್ನೆರಡು ವರ್ಷ ಇತ್ತು. ಗಂಗುಲಪ್ಪ ಪುರಸಭೆಯ ದೀಪದವನು. ಅವನಪ್ಪನೂ ದೀಪದವನೇ, ಏಣಿ ಹೊತ್ತುಕೊಂಡು ಕಂಬ ಕಂಬಕ್ಕೂ ಹತ್ತಿ ಸೀಮೆಎಣ್ಣೆ ದೀಪ ಹಚ್ಚಿದವನು. ಊರೆಲ್ಲ ಹುಡುಕಿದರೂ ನಾಲ್ಕು ಗಡಿಯಾರ ಸಿಗದ ಕಾಲ ಅದು. ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲಿ ಚರಕದ ಮುಂದೆ ಕೂತವರಿಗೆ ಎಳೆ ಕಣ್ಣಿಗೆ ಕಾಣದಾದ ಕೂಡಲೆ “ಎಳೆ ಮುಳುಗ್ತು” ಅಂತ ಒಬ್ಬರು ಕೂಗೋರು, ಚರಕ ನಿಲ್ಲೋದು. ಅಪ್ಪ ಆ ಲೆಕ್ಕವನ್ನೇ ಹಿಡಿದ. ನೂಲಿನ ಮನೆಯಿಂದ ಒಂದು ಎಳೆ ತಂದು ಆಕಾಶಕ್ಕೆ ಹಿಡಿಯೋನು. ಕಂಡರೆ ಹಗಲು, ಕಾಣದಿದ್ದರೆ ರಾತ್ರಿ. “ಒಂದು ಗಳಿಗೆ ಮುಂಚೆ ಹಚ್ಚಿದ್ರೆ ಊರಿನ ಎಣ್ಣೆ ಕದ್ದಂಗೆ, ತಡವಾಗಿ ಹಚ್ಚಿದ್ರೆ ಊರಿನ ಕಣ್ಣು ಕದ್ದಂಗೆ ಕಣೋ,” ಅಂದಿದ್ದ. ಗಂಗುಲಪ್ಪ ಓದಿದ್ದು ಎರಡನೇ ಕ್ಲಾಸು. ಅದು ಮರೆತುಹೋಗಿತ್ತು. ಇದು ಮರೆತಿರಲಿಲ್ಲ. ಅವನ ಹೆಂಡತಿ ಮಂಗಮ್ಮ ನೂಲಿನ ಮನೆಯಲ್ಲೇ ಕೆಲಸ ಮಾಡುತ್ತಿದ್ದಳು. ದಿನಾ ಒಂದು ಹೊಸ ಎಳೆ ತಂದು ಅವನ ಅಂಗಿಯ ಗುಂಡಿಗೆ ಸುತ್ತುತ್ತಿದ್ದಳು.

ಇಷ್ಟು ವರ್ಷ ಆ ಎಳೆಯಿಂದ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಬಂದದ್ದು ತನುಜಮ್ಮನ ಠರಾವಿನಿಂದ.

ತನುಜ ಬಜಾರು ವಾರ್ಡಿನ ಮೆಂಬರು. ನೂಲಿನ ಮನೆಯ ಹೆಂಗಸರು ಕೆಲಸ ಬಿಟ್ಟು ಬರುವ ಹೊತ್ತಿಗೆ ಬಜಾರು ಮುಚ್ಚಿರುತ್ತಿತ್ತು. ಹಗಲಿಡೀ ಕುದಿನೀರಿನಲ್ಲಿ ಕೈ ಅದ್ದಿ ರೇಷ್ಮೆಗೂಡು ಬಿಚ್ಚಿದವರು, ಕೈ ಬೆರಳೆಲ್ಲ ಬೆಳ್ಳಗೆ ಬೆಂದುಹೋದವರು, ಮನೆಗೆ ಒಂದು ಕಟ್ಟು ಸೊಪ್ಪು ಕೊಳ್ಳೋಣ ಅಂದರೆ ಬೀದಿ ಕತ್ತಲು. ತನುಜ ಮೀಟಿಂಗಿನಲ್ಲಿ ಎದ್ದು ನಿಂತು ಸಂಜೆ ಬಜಾರು ಬೇಕು ಅಂದಳು. ಎಂಟು ಟ್ಯೂಬ್‌ಲೈಟು, ಒಂದು ನಲ್ಲಿ, ಹೆಂಗಸರಿಗೊಂದು ಶೌಚಾಲಯ, ಗಾಡಿಗಳಿಗೆ ಗೆರೆ ಎಳೆದು ಜಾಗ, ರಾತ್ರಿ ಒಂಬತ್ತೂವರೆವರೆಗೆ ವ್ಯಾಪಾರ.

“ಸಂಜೆ ಅಂಗಡಿ ಇಡಿಸಿದ್ರೆ ಕುಡುಕ್ರು ಬರ್ತಾರಮ್ಮ,” ಅಂದ ಹಳೇ ಮೆಂಬರ್ ವೆಂಕಟರವಣಪ್ಪ.

“ಕುಡುಕ್ರು ಬರೋದು ಕತ್ಲೆಗೆ ಅಣ್ಣ, ಬೆಳಕಿಗಲ್ಲ. ನಿಮ್ಗೆ ಗೊತ್ತಿಲ್ದೇ ಇರೋದಾ?”

ಎಲ್ಲರೂ ನಕ್ಕರು. ಬಾಗಿಲ ಬಳಿ ನಿಂತಿದ್ದ ಗಂಗುಲಪ್ಪನೂ ನಕ್ಕ. ಠರಾವು ಪಾಸಾಯಿತು. ತಿಂಗಳೊಳಗೆ ಮೂವತ್ತು ಗಾಡಿ ನಿಂತವು. ಗಂಡ ಸತ್ತ ಚಿಕ್ಕವೆಂಕಟಮ್ಮ ಕೂಲಿ ಬಿಟ್ಟು ಮಸಾಲೆವಡೆ ಹಾಕತೊಡಗಿದಳು.

ಆದರೆ ನಲ್ಲಪ್ಪನ ಗುತ್ತಿಗೆಯ ಕಾಗದದಲ್ಲಿ, ಅಜ್ಜನ ಕಾಲದಿಂದ ಬಂದ ಹಾಗೆ, ‘ಬೀದಿ ದೀಪ ಹತ್ತುವವರೆಗೆ ಸುಂಕ’ ಅಂತ ಬರೆದಿತ್ತು. ದೀಪ ಹತ್ತಿದ ಮೇಲೆ ಬಜಾರೇ ಇಲ್ಲದ ಕಾಲದಲ್ಲಿ ಆ ಮಾತನ್ನು ಯಾರೂ ನೋಡಿರಲಿಲ್ಲ. ಈಗ ವ್ಯಾಪಾರವೆಲ್ಲ ಸಂಜೆಗೆ ಸರಿಯಿತು. ಹಗಲು ಬಜಾರು ಖಾಲಿ. ಗಾಡಿಯವರು ದೀಪ ಹತ್ತಲಿ ಅಂತ ಕಾಯುವರು, ಅಂಬರೀಶ್ ಅದಕ್ಕೆ ಮೊದಲೇ ಸುಂಕ ಕಿತ್ತುಕೊಳ್ಳಬೇಕು. ಹೀಗೆ ಒಂದು ಊರಿನ ಹಗಲು ಎಲ್ಲಿ ಮುಗಿಯುತ್ತದೆ ಅನ್ನುವುದು ಗಂಗುಲಪ್ಪನ ಎರಡು ಬೆರಳಿನ ನಡುವೆ ಬಂದು ನಿಂತಿತು.

ಬಾಣಲೆ ಬಿದ್ದ ಮಾರನೇ ದಿನ ನಲ್ಲಪ್ಪನೇ ಕಂಬದ ಹತ್ತಿರ ಬಂದ. ಬಿಳಿ ಪಂಚೆ, ಬಾಯಿ ತುಂಬ ಎಲೆಅಡಿಕೆ.

“ಗಂಗುಲಣ್ಣ, ಎಂಟು ಗಂಟೆಗೆ ಹಚ್ಚಪ್ಪ. ಏನು ಅವಸರ? ಕರೆಂಟು ಉಳೀತದೆ, ಪುರಸಭೆಗೇ ಒಳ್ಳೇದು.”

“ಎಳೆ ಕಾಣ್ದಿದ್ರೆ ಹಚ್ತೀನಿ ಸ್ವಾಮಿ.”

“ಎಳೆ ನಾನು ಕೊಡಿಸ್ತೀನಿ ಬಿಡು. ಬಾವಿ ಹಗ್ಗದಷ್ಟು ದಪ್ಪಂದು. ಎಂಟು ಗಂಟೆಗೂ ಕಾಣ್ತದೆ.”

ಗಂಗುಲಪ್ಪ ನಕ್ಕ. ನಲ್ಲಪ್ಪ ಅವನ ಭುಜ ತಟ್ಟಿ ಹೋದ. ತಟ್ಟಿದ್ದು ಕೊಂಚ ಜೋರಾಗಿಯೇ ಇತ್ತು.

ಮೂರನೇ ದಿನ ಬೆಳಿಗ್ಗೆ ದೀಪ ಆರಿಸಿ ಬರುವಾಗ ಪಂಪ್‌ಹೌಸಿನ ಹಿಂದೆ ಅಂಬರೀಶ್ ಸೈಕಲ್ಲಿಗೆ ಅಡ್ಡ ನಿಂತ. ಜೊತೆಗೆ ಇಬ್ಬರು. ಟ್ಯೂಬು ಸರಿಮಾಡಲು ಗಂಗುಲಪ್ಪ ಸೈಕಲ್ಲಿಗೆ ಕಟ್ಟಿಕೊಂಡಿದ್ದ ಬಿದಿರ ಗಳವನ್ನು ಮೊಣಕಾಲಿಗಿಟ್ಟು ಮುರಿದರು. ಮುರಿದ ತುಂಡಿನಿಂದಲೇ ಹೊಡೆದರು. ಬೆನ್ನಿಗೆ, ಪಕ್ಕೆಗೆ, ಮಂಡಿಚಿಪ್ಪಿಗೆ. ಒಂದೊಂದು ಏಟಿಗೂ ಅಂಬರೀಶ್ ಕೇಳುತ್ತಿದ್ದ: “ಎಷ್ಟು ಗಂಟೆಗೆ ತಾತ? ಎಷ್ಟು ಗಂಟೆಗೆ?” ಗಂಗುಲಪ್ಪ ಮುಖವನ್ನು ಮೊಣಕೈಯಲ್ಲಿ ಮುಚ್ಚಿಕೊಂಡು ಮಣ್ಣಿನಲ್ಲಿ ಮಡಚಿಕೊಂಡ. ಪಕ್ಕೆಯೊಳಗೆ ಒಣಸೌದೆ ಮುರಿದ ಹಾಗೆ ಸದ್ದಾಯಿತು.

ಅವತ್ತು ಸಂಜೆ ಮಂಗಮ್ಮ ಅಡ್ಡ ನಿಂತಳು. “ಹೋಗ್ಬೇಡಿ ಅಂದ್ರೆ! ಒಂದು ತಿಂಗ್ಳು ಎಂಟಕ್ಕೇ ಹಚ್ಚಿ. ಯಾರು ಕೇಳ್ತಾರೆ?”

“ಎಳೆ ಕೇಳ್ತದೆ,” ಅಂದ. ಪಕ್ಕೆಗೆ ಪಂಚೆ ಬಿಗಿದುಕೊಂಡು, ಕಾಲೆಳೆಯುತ್ತ ಹೋಗಿ, ಎಳೆ ಮುಳುಗಿದ ಹೊತ್ತಿಗೆ ಸರಿಯಾಗಿ ಹಿಡಿಕೆ ಎಳೆದ. ಚಿಕ್ಕವೆಂಕಟಮ್ಮ ಸುಟ್ಟ ಕಾಲಿನಲ್ಲಿ ಕುಂಟುತ್ತ ಬಂದು ಎಲೆಯಲ್ಲಿ ನಾಲ್ಕು ವಡೆ ಕೊಟ್ಟಳು. ಇಬ್ಬರೂ ಕುಂಟರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವಳಿಗೆ ನಗು ಬಂತು. ಅವನಿಗೆ ನಕ್ಕರೆ ಪಕ್ಕೆ ನೋಯುತ್ತಿತ್ತು.

ಎರಡನೇ ಸಲ ಹೊಡೆದಾಗ ಅಂಬರೀಶ್ ಏನೂ ಕೇಳಲಿಲ್ಲ. ಅದೇ ಪಂಪ್‌ಹೌಸು, ಅದೇ ಮುಂಜಾವಿನ ಹೊತ್ತು. ಈ ಸಲ ಅವನ ಕೈಗೆ ಸೈಕಲ್ ಚೈನು ಸುತ್ತಿತ್ತು. ಮೊದಲ ಬೀಸು ಗಂಗುಲಪ್ಪನ ಎಡಗಣ್ಣಿನ ಮೇಲೆ ಬಿತ್ತು. ಎರಡನೆಯದು ಹಣೆ ಸೀಳಿ ಬಲಗಣ್ಣಿನ ಅಂಚಿಗೆ. ಅವನಿಗೆ ಕಂಡ ಕೊನೆಯ ಚೊಕ್ಕ ನೋಟ ಅಂದರೆ ಅಂಬರೀಶನ ಮಣಿಕಟ್ಟಿನ ಕೆಂಪು ದಾರ. ಆಮೇಲೆ ಎಲ್ಲ ಬಿಸಿ, ಎಲ್ಲ ಕೆಂಪು. ಯಾರೋ ಅವನ ಉಡಿದಾರ ಕಿತ್ತು, ಅದಕ್ಕೆ ಕಟ್ಟಿದ್ದ ದೀಪದ ಪೆಟ್ಟಿಗೆಯ ಬೀಗದ ಕೈ ತೆಗೆದುಕೊಂಡರು. ಬಾಯಿಗೆ ಬೂಟುಕಾಲು ಬಂತು. ಎರಡು ಹಲ್ಲು ನಾಲಗೆಯ ಮೇಲೆ ಕಲ್ಲಿನ ಹಾಗೆ ಉರುಳಿದವು.

ಮೂರು ವಾರ ಆಸ್ಪತ್ರೆಯಲ್ಲಿ ಮಲಗಿದ. ಎಡಗಣ್ಣು ಹೋಯಿತು. ಬಲಗಣ್ಣು ಉಳಿಯಿತು, ಆದರೆ ಹಾಲಲ್ಲಿ ಅದ್ದಿದ ಬಟ್ಟೆ ಕಟ್ಟಿದ ಹಾಗೆ ಎಲ್ಲ ಮಂಜು.

ದಿನಾ ಸಂಜೆ ಮಂಗಮ್ಮ ಬಂದು ಬಜಾರಿನ ಸುದ್ದಿ ಹೇಳುತ್ತಿದ್ದಳು. ಕದ್ದ ಬೀಗದ ಕೈಯಿಂದ ನಲ್ಲಪ್ಪನ ಆಳುಗಳೇ ಪೆಟ್ಟಿಗೆ ತೆಗೆದು ಎಂಟೂವರೆಗೆ ದೀಪ ಹಾಕುತ್ತಿದ್ದಾರೆ. ಪುರಸಭೆ ಕಳಿಸಿದ ಬದಲಿ ಆಳು ಮೊದಲ ದಿನವೇ ಏಟು ತಿಂದು ಊರಿಗೆ ಓಡಿದ. ಎಂಟೂವರೆವರೆಗೆ ಕತ್ತಲಲ್ಲಿ ಬಜಾರು, ಕತ್ತಲಲ್ಲಿ ಸುಂಕ, ಕತ್ತಲಲ್ಲಿ ಕೈ. ನೂಲಿನ ಮನೆಯ ಒಬ್ಬ ಹುಡುಗಿಯ ರವಿಕೆ ಹರಿದರು. ಸೊಪ್ಪಿನ ಗಾಡಿಯ ಮುನಿವೆಂಕಟಪ್ಪ ಬಿಡಿಸಲು ಹೋಗಿ ತಲೆ ಒಡೆಸಿಕೊಂಡ. ಅವನ ಗಾಡಿಗೆ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದರು. ಮೂವತ್ತು ಗಾಡಿಯಲ್ಲಿ ಒಂಬತ್ತು ಉಳಿದವು.

“ಚಿಕ್ಕವೆಂಕಟಮ್ಮ?” ಅಂತ ಕೇಳಿದ.

“ಅವ್ಳು ನಿಂತವ್ಳೆ. ಎಡಗೈ ಮುರಿದ್ರು. ಬಲಗೈಲಿ ವಡೆ ತಟ್ತಾಳೆ.”

ತನುಜಮ್ಮ ಬಂದು ಮಂಚದ ಪಕ್ಕ ಕೂತಳು. “ಯಾರು ಹೊಡೆದ್ರು ಹೇಳಿ ಗಂಗುಲಪ್ಪನೋರೆ. ಒಂದು ಹೆಸ್ರು ಸಾಕು, ಪೊಲೀಸ್‌ಗೆ ಕೊಡ್ತೀನಿ.”

ಗಂಗುಲಪ್ಪ ಗೋಡೆಯ ಕಡೆ ತಿರುಗಿದ. ಅವನಿಗೆ ಭಯವಿತ್ತು ಅಂತ ಅವಳು ತಿಳಿದಳು. ಭಯ ಇತ್ತು, ಇಲ್ಲವೆನ್ನಲಾಗದು. ಆದರೆ ಆ ಹೆಸರಿನ ಲೆಕ್ಕವನ್ನು ಬೇರೆಯವರ ಕೈಗೆ ಬಿಟ್ಟುಕೊಡಲು ಅವನು ತಯಾರಿರಲಿಲ್ಲ. ಮನೆಗೆ ಬಂದ ದಿನ ಮಂಗಮ್ಮನಿಗೆ ಹೇಳಿ ಹೊಸ ಗಳಕ್ಕೆಂದು ಬೇಲಿಯ ಬಿದಿರು ಕಡಿಸಿದ. ಗಿಣ್ಣು ಸವರಿ, ಒಲೆಯ ಬೆಂಕಿಗೆ ಹಿಡಿದು, ಸೂರಿನ ಮೇಲೆ ಹತ್ತು ದಿನ ಒಣಗಿಸಿದ. ಹತ್ತು ದಿನವೂ ಬೆರಳಿನಿಂದ ತಟ್ಟಿ ತಟ್ಟಿ ಕೇಳುತ್ತಿದ್ದ. ಒಳಗೆ ನೀರಿಲ್ಲದ ಬಿದಿರು ಟಣ್ ಅನ್ನುತ್ತದೆ.

ಪುರಸಭೆಯವರು ಪೆಟ್ಟಿಗೆಗೆ ಹೊಸ ಬೀಗ ಹಾಕಿ ಕೈ ಅವನಿಗೇ ಕೊಟ್ಟರು. ಕೆಲಸಕ್ಕೆ ಹೊರಟ ದಿನ, ಅವನಿಗೋಸ್ಕರ ನೂಲಿನ ಮನೆಗೆ ಹೋಗದೆ ಉಳಿದಿದ್ದ ಮಂಗಮ್ಮ ಎಂದಿನಂತೆ ಎಳೆ ಸುತ್ತಿದಳು. ಅವನು ಹೊಸಿಲು ದಾಟಿ, ಅಂಗಳದಲ್ಲಿ ನಿಂತು, ಎಳೆಯನ್ನು ಆಕಾಶಕ್ಕೆ ಹಿಡಿದ. ಬಹಳ ಹೊತ್ತು ಹಿಡಿದ. ಅತ್ತ ತಿರುಗಿ ಹಿಡಿದ, ಇತ್ತ ತಿರುಗಿ ಹಿಡಿದ.

“ಎಳೆ ಕಾಣ್ತಿಲ್ಲ ಕಣೇ,” ಅಂದ.

“ಅಯ್ಯೋ, ಇನ್ನೂ ನಾಲ್ಕೂವರೆ! ಬಿಸ್ಲು ನೆತ್ತಿ ಸುಡ್ತೈತೆ!”

“ಎಳೆ ಕಾಣ್ದಿದ್ರೆ ಹಚ್ಬೇಕು.”

ಅದರಲ್ಲಿ ತುಂಟತನ ಇರಲಿಲ್ಲ. ನಲವತ್ತು ವರ್ಷ ಒಂದೇ ಮಾತು ಹಿಡಿದು ಬದುಕಿದವನು ಬೇರೆ ಮಾತು ಎಲ್ಲಿಂದ ತರುತ್ತಾನೆ? ಕಂಡರೆ ಹಗಲು, ಕಾಣದಿದ್ದರೆ ರಾತ್ರಿ. ಗಳ ಹಿಡಿದು ನಡೆದ. ಬಜಾರಿಗೆ ಬಂದು, ತಡವಿ ಬೀಗ ತೆಗೆದು, ಹಿಡಿಕೆ ಎಳೆದು, ಮತ್ತೆ ಬೀಗ ಹಾಕಿದ.

ಸುಡುಬಿಸಿಲಲ್ಲಿ ಎಂಟು ಟ್ಯೂಬ್‌ಲೈಟು ಹತ್ತಿದವು. ಹತ್ತಿದ್ದೇ ಗೊತ್ತಾಗದಷ್ಟು ಮಂಕಾಗಿ, ಸತ್ತ ಮೀನಿನ ಹೊಟ್ಟೆಯ ಹಾಗೆ. ಮೊದಲು ನೋಡಿದವಳು ಚಿಕ್ಕವೆಂಕಟಮ್ಮ. ಹಿಟ್ಟು ಹಿಡಿದ ಕೈ ಹಾಗೇ ನಿಂತಿತು. ದೀಪ ನೋಡಿದಳು, ಸೂರ್ಯನನ್ನು ನೋಡಿದಳು, ಗಂಗುಲಪ್ಪನ ಮುಖ ನೋಡಿದಳು. ಆ ಮುಖದ ಮೇಲೆ ಹೊಲಿಗೆ ಗುರುತು ಕಂಬಳಿಹುಳದ ಹಾಗೆ ಹರಿದಿತ್ತು. ಅವಳಿಗೆ ಎಲ್ಲ ತಿಳಿಯಿತು.

“ದೀಪ ಹತ್ತಿತ್ರೋ!” ಅಂತ ಬಜಾರೆಲ್ಲ ಕೇಳುವಂತೆ ಕೂಗಿದಳು. “ನಲ್ಲಪ್ಪನ ಹಗ್ಲು ಮುಗೀತು! ಬರ್ರೋ, ಗಾಡಿ ತಳ್ಳಿ!”

ಓಣಿಗಳಿಂದ ಗಾಡಿಗಳು ಬಂದವು. ಒಂಬತ್ತು, ಹನ್ನೆರಡು, ಇಪ್ಪತ್ತು. ಸುದ್ದಿ ಕೇಳಿ ನೂಲಿನ ಮನೆಗಳಲ್ಲಿ ಚರಕಗಳು ಹೊತ್ತಿಗೆ ಮೊದಲೇ ನಿಂತವು. ಬೆಂದ ಕೈಗಳ ಹೆಂಗಸರು ಬೀದಿ ತುಂಬಿದರು. ಹಗಲು ದೀಪ ನೋಡಿ ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು.

ಆ ನಗುವಿನ ನಡುವೆ ಅಂಬರೀಶ್ ಬಂದ. ಹಿಂದೆ ಐದು ಜನ.

“ಏಮಿ ಇದು? ಯಾವ ಬೋಳಿಮಗ ಹಚ್ಚಿದ್ದು?”

“ನೀನೇ ಹಚ್ಚಿಸಿದ್ದು ಕಣಪ್ಪ,” ಚಿಕ್ಕವೆಂಕಟಮ್ಮ ಅಂದಳು. “ಹೊತ್ತು ಮುಳುಗ್ಸಿದ್ದು ನೀನೇ. ಚೀಟಿ ಪುಸ್ತಕ ಮಡ್ಚಿ ಇಟ್ಕೋ.”

ಅವನು ಅವಳ ಮುರಿದ ಕೈಯ ಕಟ್ಟು ಹಿಡಿದು ತಿರುಚಿದ. ಈ ಸಲ ಅವಳು ಕಿರುಚಿದಳು. ಆ ಕಿರುಚು ಮುಗಿಯುವ ಮೊದಲೇ ಮುನಿವೆಂಕಟಪ್ಪ ತಕ್ಕಡಿಯ ಕಲ್ಲು ಎಸೆದ. ಅದು ಐವರಲ್ಲಿ ಒಬ್ಬನ ಮೂಗಿಗೆ ಬಿದ್ದು ಮೂಗು ಮುಖದೊಳಗೆ ಹೋಯಿತು. ಆಮೇಲೆ ಯಾರು ಯಾರನ್ನು ಹೊಡೆದರು ಅಂತ ಹೇಳುವವರಿಲ್ಲ. ನಲ್ಲಪ್ಪನ ಆಳುಗಳು ಕಬ್ಬಿಣದ ಸಲಾಕೆ ಬೀಸಿದರು. ಒಬ್ಬ ಹೆಂಗಸಿನ ಹಲ್ಲು ಹೋಯಿತು, ಇನ್ನೊಬ್ಬಳ ನೆತ್ತಿ ಬಿರಿಯಿತು. ಆದರೆ ನೂಲಿನ ಹೆಂಗಸರು ಓಡಲಿಲ್ಲ. ಹಗಲಿಡೀ ಕುದಿನೀರಿಗೆ ಹೆದರದ ಕೈಗಳು ಅವು. ಬೇಯಿಸಿದ ಮೊಟ್ಟೆಯ ಗಾಡಿಯ ಕುದಿಯುವ ಪಾತ್ರೆಗೆ ಕೈ ಹಾಕಿ ಮೊಟ್ಟೆ ಎತ್ತಿ ಎತ್ತಿ ಮುಖಕ್ಕೆ ಬಡಿದರು. ಕೊನೆಗೆ ಪಾತ್ರೆಯನ್ನೇ ಸುರಿದರು. ಬೆಂದ ಗಂಡಸರ ಕೂಗು ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿತು. ಇಬ್ಬರು ಚರಂಡಿಗೆ ಬಿದ್ದರು, ಮೂವರು ಓಡಿದರು.

ಅಂಬರೀಶ್ ಓಡಲಿಲ್ಲ. ಅವನಿಗೆ ಬೇಕಾಗಿದ್ದದ್ದು ಆ ದೀಪ ಆರಿಸುವುದು. ದೀಪ ಆರಿದರೆ ಹಗಲು ವಾಪಸು ಬರುತ್ತದೆ, ಬೀದಿ ವಾಪಸು ಬರುತ್ತದೆ. ಸಲಾಕೆ ಹಿಡಿದು ಕಂಬದ ಕಡೆ ನುಗ್ಗಿ ಪೆಟ್ಟಿಗೆಗೆ ಬಡಿದ. ಬೀಗ ಸಿಡಿಯಿತು. ಬಾಗಿಲು ಕಿತ್ತುಕೊಂಡು ಬಂತು.

ಗಂಗುಲಪ್ಪ ಅವನ ಹಿಂದೆ, ಮೂರು ಮಾರು ದೂರದಲ್ಲಿದ್ದ. ಅವನಿಗೆ ಆ ಮುಖ ಕಾಣುತ್ತಿರಲಿಲ್ಲ, ಆಕಾರ ಕಾಣುತ್ತಿತ್ತು. ಎತ್ತರದ ಆಕಾರ. ಸದ್ದು ಮಾಡದೆ ಮೂರು ಹೆಜ್ಜೆ ಇಟ್ಟ. ಅವನ ಗಳ ಆಗಲೇ ತಲೆಯಿಂದ ಮೇಲಿತ್ತು.

ಆಗ ಅಂಬರೀಶ್ ಪೆಟ್ಟಿಗೆಯೊಳಗೆ ಕೈ ಹಾಕಿದ.

ಕೂಗಲಿಲ್ಲ. ಮೈಯೆಲ್ಲ ಒಂದು ಸಲ ಸೆಟೆದು ಕಂಬಕ್ಕೆ ಅಂಟಿತು. ಹಲ್ಲು ಕಟಕಟ ಅಂದವು. ದೀಪಗಳು ಮಿಣುಕಿದವು. ಸುಟ್ಟ ಚರ್ಮದ ವಾಸನೆ, ಗೂಡು ಬೇಯಿಸುವ ವಾಸನೆಗಿಂತ ಕೆಟ್ಟದ್ದು, ಗಂಗುಲಪ್ಪನ ಮೂಗಿಗೆ ಬಂತು. ನಲವತ್ತು ವರ್ಷದಲ್ಲಿ ಇಬ್ಬರು ಹಾಗೆ ಕಂಬಕ್ಕೆ ಅಂಟಿ ಸತ್ತದ್ದನ್ನು ಅವನು ನೋಡಿದ್ದ. ಕೈಯಿಂದ ಎಳೆಯುವಂತಿಲ್ಲ, ಎಳೆದವನೂ ಅಂಟಿಕೊಳ್ಳುತ್ತಾನೆ. ಒಣ ಬಿದಿರೊಂದೇ ದಾರಿ.

ಗಳ ಇಳಿಯಿತು. ಮೈಯಲ್ಲಿದ್ದ ಶಕ್ತಿಯೆಲ್ಲ ಸೇರಿಸಿ ಅಂಬರೀಶನ ಮುಂಗೈ ಮೇಲೆ ಹೊಡೆದ. ಒಂದು. ಬಿಡಲಿಲ್ಲ. ಎರಡು. ಮೂಳೆ ಎರಡಾಗಿ, ಬಿಳಿ ತುದಿ ಚರ್ಮ ಹರಿದು ಹೊರಗೆ ಬಂತು. ಮೂರನೆಯ ಏಟಿಗೆ ಕೈ ತಂತಿ ಬಿಟ್ಟಿತು. ಅಂಬರೀಶ್ ಹೆಣದ ಹಾಗೆ ನೆಲಕ್ಕೆ ಬಿದ್ದ. ಗಂಗುಲಪ್ಪ ಗಳವನ್ನು ಮತ್ತೆ ಎತ್ತಿದ. ಎತ್ತಿದ ಗಳ ಅಲ್ಲೇ ಒಂದು ಹೊತ್ತು ನಿಂತಿತ್ತು. ಆಮೇಲೆ ಮೆಲ್ಲಗೆ ಕೆಳಗಿಳಿಯಿತು.

“ಉಸ್ರು ಐತೆ,” ಅಂದಳು ಚಿಕ್ಕವೆಂಕಟಮ್ಮ, ಅವನ ಎದೆಯ ಮೇಲೆ ಕಿವಿಯಿಟ್ಟು.

ಮಾರನೇ ದಿನ ನಲ್ಲಪ್ಪನೇ ಪುರಸಭೆಗೆ ದೂರು ತಂದ. ಮೀಟಿಂಗ್ ಹಾಲಿನಲ್ಲಿ ಮೆಂಬರುಗಳು, ಬಾಗಿಲಿನಲ್ಲಿ ಗಾಡಿಯವರು, ಕಿಟಕಿಯಲ್ಲಿ ನೂಲಿನ ಹೆಂಗಸರು.

“ನಾಲ್ಕೂವರೆಗೆ ದೀಪ! ಲೋಕದಲ್ಲಿ ಎಲ್ಲಾದ್ರೂ ಐತಾ ಸಾರ್? ನನ್ನ ಹೊಟ್ಟೆ ಮೇಲೆ ಹೊಡೆಯಕ್ಕೇ ಈ ಮುದುಕ ಬೇಕಂತ ಮಾಡವ್ನೆ!”

ಪುರಸಭೆಯ ಅಧಿಕಾರಿ ಗಂಗುಲಪ್ಪನನ್ನು ಕರೆದು ಯಾಕೆ ಅಂತ ಕೇಳಿದರು. ಗಂಗುಲಪ್ಪ ಅಂಗಿಯ ಗುಂಡಿಯಿಂದ ಎಳೆ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದ. ಹಾಲಿನಲ್ಲಿದ್ದವರಿಗೆಲ್ಲ ಅದು ಬಂಗಾರದ ಗೆರೆಯ ಹಾಗೆ ಕಂಡಿತು.

“ಐತೆ ಅಂತ ಬೆರಳಿಗೆ ಗೊತ್ತು ಸ್ವಾಮಿ. ಕಣ್ಣಿಗೆ ಗೊತ್ತಾಗಲ್ಲ.”

“ಕಣ್ಣಿಗೆ ಏನಾಯ್ತು?”

“ಹೊಡೆದ್ರು.”

“ಯಾರು?”

ಗಂಗುಲಪ್ಪ ಉಳಿದ ಒಂದು ಮಂಜುಗಣ್ಣನ್ನು ಎಲೆಅಡಿಕೆ ವಾಸನೆ ಬಂದ ಕಡೆಗೆ ತಿರುಗಿಸಿದ. “ನಲ್ಲಪ್ಪನೋರ್ನೇ ಕೇಳಿ ಸ್ವಾಮಿ. ನನ್ನ ಉಡಿದಾರದ ಬೀಗದ ಕೈ ಅವ್ರ ಕಡೆ ಐತೆ. ಒಂದು ತಿಂಗ್ಳು ಅದ್ರಲ್ಲೇ ದೀಪ ಹಚ್ಚವ್ರೆ.”

ನಲ್ಲಪ್ಪನ ಬಾಯಿಯಲ್ಲಿ ಎಲೆಅಡಿಕೆ ನಿಂತುಹೋಯಿತು. ಕಿಟಕಿಯಿಂದ ಯಾರೋ ಚಪ್ಪಲಿ ಎಸೆದರು. ಅದು ಅವನ ಕಿವಿಗೆ ತಾಗಿ ವೆಂಕಟರವಣಪ್ಪನ ತೊಡೆಯ ಮೇಲೆ ಬಿತ್ತು. ಜನ ಒಳಗೆ ನುಗ್ಗಿದರು. ಪೊಲೀಸಿನವರು ಬರುವಷ್ಟರಲ್ಲಿ ನಲ್ಲಪ್ಪನ ಬಿಳಿ ಪಂಚೆ ಹಾಲಿನ ನಡುವೆ ಬಿದ್ದಿತ್ತು, ಅವನು ಮೇಜಿನ ಕೆಳಗಿದ್ದ. ಗದ್ದಲ ಅಡಗಿದ ಮೇಲೆ ತನುಜ ಎದ್ದು, ಮುರಿದ ಕುರ್ಚಿಗಳ ನಡುವೆಯೇ ನಿಂತು, ಠರಾವು ಓದಿದಳು. ಗುತ್ತಿಗೆ ರದ್ದು. ನಾಲ್ಕು ಗಂಟೆಯ ಮೇಲೆ ಬಜಾರಿಗೆ ಸುಂಕವೇ ಇಲ್ಲ. ಸಂಜೆ ಪುರಸಭೆಯ ಕಾವಲುಗಾರ ಇಬ್ಬರು. ಸುಟ್ಟ ಗಾಡಿಗಳಿಗೆ ಹೊಸ ಗಾಡಿ. ದೀಪಕ್ಕೂ ಸುಂಕಕ್ಕೂ ಇನ್ನು ಸಂಬಂಧವಿಲ್ಲ. ಕೈ ಎತ್ತಿರಿ ಅಂದಾಗ ವೆಂಕಟರವಣಪ್ಪನೇ ಮೊದಲು ಎತ್ತಿದ. ಅವನ ಇನ್ನೊಂದು ಕೈಯಲ್ಲಿ ಆ ಚಪ್ಪಲಿ ಇನ್ನೂ ಇತ್ತು.

ನಲ್ಲಪ್ಪ ಎಂಟು ದಿನ ಒಳಗಿದ್ದು ಹೊರಗೆ ಬಂದ. ಬಜಾರಿಗೆ ಮಾತ್ರ ಬರಲಿಲ್ಲ.

ಗಂಗುಲಪ್ಪನ ಕೆಲಸ ಉಳಿಯಿತು. ಗಡಿಯಾರ ನೋಡಿ ಹಚ್ಚು ಅಂದರು, ಅವನಿಗೆ ಗಡಿಯಾರ ಬರುತ್ತಿರಲಿಲ್ಲ. ಕಂಬದ ಹತ್ತಿರ ಯಾರಿದ್ದರೋ ಅವರ ಮುಂದೆ ಎಳೆ ಹಿಡಿದು “ಕಾಣ್ತದಾ?” ಅಂತ ಕೇಳುತ್ತಿದ್ದ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಅವನ ಎಡಗಡೆ ಯಾರೋ ಬಂದು ನಿಂತರು. ಉಸಿರಿನಿಂದಲೇ ಗಂಗುಲಪ್ಪನಿಗೆ ಗುರುತು ಸಿಕ್ಕಿತು. ಪಂಪ್‌ಹೌಸಿನ ಹಿಂದೆ ಆ ಉಸಿರನ್ನು ಹತ್ತಿರದಿಂದ ಕೇಳಿದ್ದ.

“ಈ ಕಡೆ ಬಾ,” ಅಂದ. “ಆ ಕಡೆ ನಿಂತ್ರೆ ನೀನು ಕಾಣಲ್ಲ.”

ಅಂಬರೀಶ್ ಬಲಗಡೆಗೆ ಬಂದ. ಅವನ ಬಲಗೈ ಒಣಗಿದ ಹೀರೆಬಳ್ಳಿಯ ಹಾಗೆ ಜೋತುಬಿದ್ದಿತ್ತು, ಬೆರಳು ಒಳಕ್ಕೆ ಮಡಚಿಕೊಂಡಿದ್ದವು. ಆಚೆ ಬದಿಯಿಂದ ಚಿಕ್ಕವೆಂಕಟಮ್ಮ ನೋಡಿದಳು, ಕೈಯಲ್ಲಿನ ವಡೆ ತಟ್ಟುವುದನ್ನು ಮರೆತಳು.

“ತಾತ, ಒಂದು ಮಾತು ಕೇಳ್ಬೇಕು,” ಅಂದ. “ಎಲ್ರೂ ಹೇಳ್ತಾರೆ, ಮುದುಕ ನಿನ್ನ ಪ್ರಾಣ ಉಳಿಸ್ದ ಅಂತ. ನಂಗೆ ನಿದ್ದೆ ಬರಲ್ಲ. ನೀ ಹೊಡೆದಿದ್ದು ಉಳಿಸೋಕಾ, ಸೇಡಿಗಾ?”

ಗಂಗುಲಪ್ಪ ಎಳೆಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

“ಗಳ ಎತ್ತಿದ್ದು ನಿನ್ನ ಬುರುಡೆ ಒಡೆಯೋಕೆ ಕಣಪ್ಪ. ಹತ್ತು ದಿವ್ಸ ಒಣಗ್ಸಿದ್ದು ಅದ್ಕೇ. ಇಳಿಸೋ ಹೊತ್ಗೆ ನೀನು ತಂತಿ ಹಿಡ್ಕೊಂಡಿದ್ದೆ.”

ಅಂಬರೀಶ್ ಜೋತುಬಿದ್ದ ಕೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡ. “ನಾಲ್ಕನೇ ಸಲ ಎತ್ತಿದ್ಯಂತೆ.”

“ಎತ್ತಿದ್ದೆ.”

“ಅದು?”

“ಅದು ಮೊದ್ಲಿನ ಲೆಕ್ಕದ್ದು. ಹೊಡೆಯಕ್ಕೆ ಆಗ್ಲಿಲ್ಲ. ಯಾಕೆ ಅಂತ ನಂಗೂ ಗೊತ್ತಿಲ್ಲ.”

ಬಜಾರು ತುಂಬುತ್ತಿತ್ತು. ನಲ್ಲಿಯ ಹತ್ತಿರ ಹೆಂಗಸರು ಬೆಂದ ಕೈ ತೊಳೆಯುತ್ತಿದ್ದರು. ಗಂಗುಲಪ್ಪ ಎಳೆಯನ್ನು ಪಡುವಣಕ್ಕೆ ಎತ್ತಿ ಹಿಡಿದ.

“ಕಾಣ್ತದಾ?”

ಅಂಬರೀಶ್ ಕಣ್ಣು ಕಿರಿದು ಮಾಡಿ ನೋಡಿದ. “ಕಾಣ್ತದೆ.”

“ನೋಡ್ತಿರು. ಹೋದಾಗ ಹೇಳು.”

ಇಬ್ಬರೂ ನಿಂತರು. ಕೆಂಪು ಹೋಗಿ ಬೂದಿ ಬಂತು, ಬೂದಿ ಕಪ್ಪಿಗೆ ತಿರುಗಿತು. ಆಚೆ ಬದಿಯಲ್ಲಿ ಎಣ್ಣೆ ಕಾದು ಹೊಗೆಯಾಡಿತು.

“ಹೋಯ್ತು ತಾತ.”

ಗಂಗುಲಪ್ಪ ಹಿಡಿಕೆ ಎಳೆದ. ಬಜಾರು ಬೆಳ್ಳಗಾಯಿತು. ಅಂಬರೀಶ್ ಅಲ್ಲೇ ನಿಂತಿದ್ದ, ಬಲಗಡೆಗೆ, ಕಾಣುವ ಕಡೆಗೆ. ಗಂಗುಲಪ್ಪ ಎಳೆಯನ್ನು ಗುಂಡಿಗೆ ಸುತ್ತಿಕೊಂಡ. ಗಳವನ್ನು ಮಾತ್ರ ಕಂಬಕ್ಕೆ ಒರಗಿಸಲಿಲ್ಲ, ಕೈಯಲ್ಲೇ ಇಟ್ಟುಕೊಂಡ.